ನಳಿಗೆಯೊಳಗಿನ ಸೀಸ

ಚಳ್ಳಕೆರೆ
೧೪ ಜುಲೈ ೨೦೨೪, ಭಾನುವಾರ

ನನ್ನ ಮುದ್ದಿನ ಶಶೀ,

ನಿನಗೂ ನಿನ್ನ ಹೊಟ್ಟೆಯಲ್ಲಿ ಕಾಲಾಡಿಸುತ್ತಿರುವ ಕೂಸಿಗೂ ಅಪ್ಪನ ಆಶೀರ್ವಾದ. ಕಾಲಿನ ಬಾವು ಇಳಿಯಿತೇ? ಮಾತ್ರೆ ನುಂಗಿದರೆ ವಾಕರಿಕೆ ಬರುತ್ತದೆಂದು ಅದನ್ನು ದಿಂಬಿನ ಕೆಳಗೆ ತಳ್ಳಿ ಮಲಗುತ್ತೀಯಂತೆ, ಅಳಿಯಂದಿರು ಹೇಳಿದರು. ಹಾಗೆ ಮಾಡಬೇಡ ತಾಯಿ. ಊಟವಾದ ಮೇಲೆ ಒಂದು ಲೋಟ ನಿಂಬೆ ಪಾನಕ ಕುಡಿದು ನುಂಗು, ತಡೆಯುತ್ತದೆ. ಪ್ರದೀಪ್ ಅವರಿಗೆ ಡಿಪೋದಲ್ಲಿ ರಾತ್ರಿ ಪಾಳಿ ಬಿದ್ದ ದಿನ ಒಬ್ಬಳೇ ಮಲಗಬೇಡ, ಪಕ್ಕದ ಮನೆಯ ಅಜ್ಜಿಯನ್ನು ಕರೆದುಕೋ. ಇಲ್ಲಿ ಒಂದು ಹದ ಮಳೆಯಾಗಿದೆ, ಎಲ್ಲರೂ ಶೇಂಗಾ ಬಿತ್ತನೆಯ ಗಡಿಬಿಡಿಯಲ್ಲಿದ್ದಾರೆ. ನಿಮ್ಮವ್ವ ಗಟ್ಟಿಯಾಗಿದ್ದಾಳೆ, ನಿನ್ನ ಮಗುವಿಗೆಂದು ಹಳೆಯ ಸೀರೆಗಳನ್ನೆಲ್ಲ ಹರಿದು ಕೌದಿ ಹೊಲಿಯುತ್ತಿದ್ದಾಳೆ. ನಾನೂ ಚೆನ್ನಾಗಿದ್ದೇನೆ ಎಂದು ಬರೆಯಲು ಹೊರಟೆ. ಅಕ್ಷರ ಸೊಟ್ಟಗಿರುವುದನ್ನು ನೋಡಿ ನೀನು ನಂಬುವುದಿಲ್ಲ, ಅದಕ್ಕೇ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಓದಿ ಗಾಬರಿಯಾಗಬೇಡ.

ಮೊನ್ನೆ ಫೋನಿನಲ್ಲಿ ನಿಮ್ಮವ್ವ, ನಿನ್ನ ಬಾಣಂತನ ಮೊಳಕಾಲ್ಮೂರಿನಲ್ಲಿ ನಿನ್ನ ಸೋದರಮಾವ ತೋಟಪ್ಪನ ಮನೆಯಲ್ಲಿ ಎಂದಾಗ ನೀನು, "ಯಾಕವ್ವಾ, ಅಪ್ಪಂಗೆ ನಾನು ಭಾರ ಆದ್ನಾ? ನನ್ ತೌರುಮನೆ ಬಾಗಿಲು ನನಗೇ ಇಲ್ವಾ?" ಅಂದೆ. ಸ್ಪೀಕರ್ ಹಾಕಿದ್ದಳು, ನಾನು ಪಕ್ಕದಲ್ಲೇ ಇದ್ದೆ. ಫೋನು ಕಸಿದುಕೊಂಡು "ಹಂಗಲ್ಲ ಕಣವ್ವ" ಎನ್ನುವಷ್ಟರಲ್ಲಿ ನೀನು ಅಳುತ್ತಾ ಇಟ್ಟುಬಿಟ್ಟೆ. ಅಂದಿನಿಂದ ನಮ್ಮಿಬ್ಬರಿಗೂ ಊಟ ಸೇರಿಲ್ಲ. ಮದುವೆ ಮಾಡಿ ಕಳಿಸಿದ ದಿನ ನಾನು ಅತ್ತದ್ದು ನಿನಗೆ ಗೊತ್ತಿಲ್ಲ, ರಿಪೇರಿಗೆ ಬಂದ ಯಾರದೋ ಬಂದೂಕು ನೋಡುವ ನೆವದಲ್ಲಿ ಒಳಗೆ ಹೋಗಿದ್ದೆ. ನೀನು ನನಗೆ ಭಾರವೇ? ಫೋನಿನಲ್ಲಿ ಹೇಳಲಾಗದ್ದನ್ನು ಕಾಗದದಲ್ಲಿ ಹೇಳುತ್ತೇನೆ, ಪೂರ್ತಿ ಓದು.

ಚುನಾವಣೆ ಬಂತೆಂದರೆ ಲೈಸೆನ್ಸ್ ಇರುವ ರೈತರೆಲ್ಲ ಬಂದೂಕನ್ನು ಠಾಣೆಗೆ ಒಪ್ಪಿಸಬೇಕು, ಫಲಿತಾಂಶ ಮುಗಿದ ಮೇಲೆ ಬಿಡಿಸಿಕೊಳ್ಳಬೇಕು. ಮೂಲೆಯಲ್ಲಿ ನಿಂತು ನಿಂತು ತುಕ್ಕು ಹಿಡಿದದ್ದು ಅಲ್ಲಿಂದ ನೇರ ರಿಪೇರಿಗೆಂದು ನಮ್ಮ ಪಡಸಾಲೆಗೆ ಬರುತ್ತದೆ. ಈ ಜೂನಿನಲ್ಲಿ ಗೋಡೆಗೆ ಸಾಲಾಗಿ ಬಂದೂಕು ಒರಗಿದ್ದವು, ನಿಮ್ಮವ್ವನಿಗೆ ರಂಗೋಲಿ ಡಬ್ಬಿ ಇಡಲೂ ಜಾಗವಿರಲಿಲ್ಲ. ತುಕ್ಕು ಎಣ್ಣೆಗೆ ಬಿಡುತ್ತದೆ. ಕಷ್ಟ ಕೊಡುವುದು ಸೀಸ. ಗುಂಡು ಹಾರುವಾಗ ಬಿಸಿಗೆ ಕರಗಿದಂತಾಗಿ ನಳಿಗೆಯ ಒಳಮೈಗೆ ಒರೆಸಿಕೊಂಡು ಹೋಗುತ್ತದೆ. ಪ್ರತಿ ಸಲವೂ ಒಂದು ತೆಳು ಪದರ. ವರ್ಷಗಟ್ಟಲೆ ಬಿಟ್ಟರೆ ಗಾರೆಯ ಹಾಗೆ ಕಚ್ಚಿಕೊಳ್ಳುತ್ತದೆ, ಗುರಿ ತಪ್ಪುತ್ತದೆ, ಅದರಡಿಯಲ್ಲಿ ಕಬ್ಬಿಣ ಕೊಳೆಯುತ್ತದೆ. ನಮ್ಮಪ್ಪ ನನಗೆ ಕಲಿಸಿದ್ದು ಹೀಗೆ: ಉದ್ದನೆಯ ಕಂಬಿಯ ತುದಿಗೆ ಹಿತ್ತಾಳೆಯ ಬ್ರಷ್ಷು ಸಿಕ್ಕಿಸಿ ಒಣಗಿದ್ದಂತೆಯೇ ಉಜ್ಜುವುದು, ಬೂದುಬಣ್ಣದ ಪುಡಿ ಉದುರಿದ ಮೇಲೆ ಒಂದು ತುದಿಗೆ ಬಾಯಿಟ್ಟು ಊದುವುದು, ಬೆಳಕಿಗೆ ಹಿಡಿದು ನೋಡುವುದು. ಒಳಗೆ ಕನ್ನಡಿಯಂತೆ ಹೊಳೆದರೆ ಆಯಿತು. ಅಪ್ಪ ಹಾಗೆ ಮಾಡಿದ, ನಾನೂ ಹಾಗೆಯೇ ಮಾಡಿದೆ. ಕೈಯನ್ನು ಲುಂಗಿಗೆ ಒರೆಸಿಕೊಂಡು ಚಹಾ ಕುಡಿಯುತ್ತಿದ್ದೆ.

ನನ್ನಿವಾಳದ ಗಾದ್ರಪ್ಪ ತನ್ನ ಒಂಟಿ ನಳಿಗೆ ಬಂದೂಕು ತಂದಿದ್ದ. ಹೊಲದ ಬದುವಿನ ತನಕ ಹಂದಿಗಳು ಬರುತ್ತಿವೆ, ಬಿತ್ತಿದ ಬೀಜವನ್ನೇ ಕೆದಕಿ ತಿನ್ನುತ್ತವೆ, ಇವತ್ತೇ ಬೇಕು ಎಂದು ಎದುರಿಗೇ ಕುಕ್ಕರಗಾಲಲ್ಲಿ ಕೂತ. ಅಂತಹ ಹಟಮಾರಿ ಸೀಸವನ್ನು ನಾನು ನೋಡಿರಲಿಲ್ಲ. ಕಂಬಿಯನ್ನು ಬಲವಾಗಿ ತಳ್ಳಿದೆ ನೋಡು, ಬಲಗೈಯ ಮಣಿಕಟ್ಟು ಬಾಡಿದ ಸೊಪ್ಪಿನ ಹಾಗೆ ಕೆಳಗೆ ಜೋತುಬಿತ್ತು. ನೋವಿಲ್ಲ, ಏನಿಲ್ಲ. ಎತ್ತು ಅಂದರೆ ಏಳುವುದಿಲ್ಲ. ಬಂದೂಕು ತೊಡೆಯ ಮೇಲಿಂದ ಜಾರಿ ನೆಲಕ್ಕೆ ಬಿತ್ತು. "ಲೇ ಅಂಜಿನೇಯ, ಕೈಗೇನಾತಲೇ? ಹಿಡಕಳಲೇ!" ಎಂದು ಗಾದ್ರಪ್ಪ ಕೂಗಿದ. ನಾನು ನಗಲು ನೋಡಿದೆ, ಆಗಲಿಲ್ಲ. ಯುಗಾದಿಯಿಂದಲೂ ಹೊಟ್ಟೆ ಹಿಂಡುತ್ತಿತ್ತು ಶಶಿ. ಸಂತೆಯ ಮಿರ್ಚಿ ಬಜ್ಜಿಯ ಮೇಲೆ ಹಾಕಿ ನಿಮ್ಮವ್ವನ ಬಾಯಿ ಮುಚ್ಚಿಸಿದ್ದೆ. ನಾಳೆ ನೋಡೋಣ ಅಂದದ್ದಕ್ಕೆ ಗಾದ್ರಪ್ಪ, "ನಾಳೆ ಗೀಳೆ ಇಲ್ಲ, ಬಾಯಿ ಮುಚ್ಕಂಡು ಗಾಡಿ ಹತ್ತು" ಎಂದು ಗದರಿ, ನಿಮ್ಮವ್ವನನ್ನು ಆಟೋದಲ್ಲಿ ಹಿಂದೆ ಬರಲು ಹೇಳಿ, ತನ್ನ ಬೈಕಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದ. ಬಂದೂಕಿನ ನೆನಪೇ ಆಗಲಿಲ್ಲ ಅವನಿಗೆ.

ಡಾಕ್ಟರು ತೇಜಶ್ರೀ ಎಂದು, ನಿನ್ನಷ್ಟೇ ವಯಸ್ಸಿನ ಹುಡುಗಿ. ಕೈ ನೋಡಿದರು, ಹೊಟ್ಟೆ ಒತ್ತಿದರು, "ಏನ್ ಕೆಲ್ಸ ಮಾಡ್ತೀರಿ?" ಎಂದರು. ಬಂದೂಕು ರಿಪೇರಿ ಎಂದೆ. ಬರೆಯುತ್ತಿದ್ದ ಪೆನ್ನು ನಿಂತಿತು. ತುಟಿ ಸರಿಸಿ ವಸಡಿನಲ್ಲಿ ನೀಲಿ ಗೆರೆ ಇದೆಯೇ ಎಂದು ನೋಡಿದರು, ನಳಿಗೆ ಹೇಗೆ ತೊಳೆಯುತ್ತೀರಿ ತೋರಿಸಿ ಎಂದರು. ನಾನು ಆ ಸೊಟ್ಟ ಕೈಯಲ್ಲೇ ಗಾಳಿಯಲ್ಲಿ ಉಜ್ಜಿ, ಊದಿ ತೋರಿಸಿದೆ. ರಕ್ತ ಬೆಂಗಳೂರಿಗೆ ಹೋಯಿತು. ವಾರ ಕಳೆದು ಕರೆಸಿದರು. ರಕ್ತದಲ್ಲಿ ಸೀಸ ಬಹಳ ಇದೆಯಂತೆ. "ಇಷ್ಟು ವರ್ಷ ತೆಗೆದಿದ್ದು ಎಲ್ಲಿ ಹೋಯ್ತು ಅನ್ಕೊಂಡ್ರಿ? ಅರ್ಧ ನೆಲಕ್ಕೆ, ಅರ್ಧ ನಿಮ್ಮ ಮೈಗೆ" ಎಂದರು. ಬೈದ ಹಾಗಿರಲಿಲ್ಲ, ಮಗಳು ಹೇಳಿದ ಹಾಗಿತ್ತು. ಔಷಧ ಇದೆ, ಕೆಲಸದಿಂದ ದೂರವಿದ್ದರೆ ಇಳಿಯುತ್ತದೆ, ಕೈಯೂ ನಿಧಾನಕ್ಕೆ ಸರಿಯಾಗುತ್ತದೆ ಎಂದರು. ನಿಮ್ಮವ್ವ ದೇವರಿಗೆ ಕೈ ಮುಗಿದಳು. ಆಗ ಅವರು ಕೇಳಿದರು, ಮನೆಯಲ್ಲಿ ಸಣ್ಣ ಮಕ್ಕಳು, ಬಸುರಿ ಹೆಂಗಸರು ಯಾರಾದರೂ ಇದ್ದಾರಾ ಎಂದು. "ಈಗ ಯಾರಿಲ್ರಿ. ಶ್ರಾವಣಕ್ಕೆ ಮಗಳು ಬರ್ತಾಳೆ, ಮೊದಲ್ನೇ ಬಾಣಂತನ" ಎಂದು ನಿಮ್ಮವ್ವ ಮುಖ ಅರಳಿಸಿ ಹೇಳಿದಳು. ಡಾಕ್ಟರಮ್ಮ, "ಅಮ್ಮಾ, ಆ ಮನೆಗೆ ಕರ್ಕೊಂಡು ಬರಬೇಡಿ. ಆ ಧೂಳು ತಾಯಿ ಮೈಯಿಂದ ಹೊಟ್ಟೇಲಿರೋ ಮಗೂಗೆ ಹೋಗುತ್ತೆ. ಮಗು ಹುಟ್ಟಿ ಅಂಬೆಗಾಲಿಟ್ರೆ ಅದೇ ನೆಲದ ಮೇಲಲ್ವಾ?" ಎಂದರು.

ನಿಮ್ಮವ್ವ ಮನೆಗೆ ಬಂದವಳೇ ಪೊರಕೆ ಎತ್ತಿಕೊಂಡಳು. ಗುಡಿಸಿದರೆ ಧೂಳು ಏಳುತ್ತದೆ, ಒದ್ದೆ ಬಟ್ಟೆಯಲ್ಲೇ ಒರೆಸಬೇಕಂತೆ ಎಂದು ಕೈ ಹಿಡಿದೆ. ಆಗ ಅವಳಿಗೆ ಸಿಟ್ಟು ಬಂತು. "ನನ್ ಮಗಳು ಹೆರಿಗೆಗೆ ಬರೋಕಾಗದ ಮನೆ ನನಗ್ಯಾಕೆ? ಎತ್ತಿ ಬೀದಿಗೆ ಒಗೀರಿ ಆ ಬಂದೂಕ್ನೆಲ್ಲಾ!" ಎಂದು ಪೊರಕೆ ಬಿಸಾಕಿ ಕಂಬಕ್ಕೆ ಒರಗಿ ಅತ್ತಳು. ಮರುದಿನದಿಂದ ಇಬ್ಬರೂ ಬಾಯಿಗೆ ಬಟ್ಟೆ ಕಟ್ಟಿಕೊಂಡು ಗೋಡೆ, ಜಂತಿ, ಗೂಡು, ಹೊಸ್ತಿಲು ಎಲ್ಲವನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿದೆವು. ನನ್ನದು ಎಡಗೈ ಕೆಲಸ, ಅವಳು ಹಿಂದೆಯೇ ಬಂದು ಇನ್ನೊಮ್ಮೆ ಒರೆಸುವಳು. ಎಷ್ಟು ಒರೆಸಿದರೂ ಬಟ್ಟೆಯಲ್ಲಿ ಬೂದು ಬರುತ್ತಲೇ ಇತ್ತು. ಪಡಸಾಲೆಯ ಬಿರುಕುಗಳಲ್ಲಿ ನಮ್ಮಪ್ಪನ ಕಾಲದ್ದೂ ಇರಬೇಕು. ನೆಲ ಅಗೆಸಿ ಹೊಸದಾಗಿ ಹಾಕಿಸಬೇಕು, ಶ್ರಾವಣದೊಳಗೆ ಆಗುವ ಕೆಲಸವಲ್ಲ. ಅಂಗಡಿ ಬೇರೆ ಕಡೆ ಒಯ್ಯೋಣವೆಂದರೆ ಲೈಸೆನ್ಸಿನಲ್ಲಿ ಇದೇ ಮನೆಯ ವಿಳಾಸವಿದೆ, ಬದಲಾಯಿಸಲು ಜಿಲ್ಲಾಧಿಕಾರಿ ಕಚೇರಿಯ ಅನುಮತಿ ಬೇಕು. ಅರ್ಜಿ ಕೊಟ್ಟು ಬಂದಿದ್ದೇನೆ.

ಸುದ್ದಿ ಕೇಳಿ ತೋಟಪ್ಪ ಮಗ್ಗ ನಿಲ್ಲಿಸಿ ಮೊಳಕಾಲ್ಮೂರಿನಿಂದ ಬಂದ. ಅವನ ಮಾತು ನಿನಗೆ ಗೊತ್ತಲ್ಲ, ಅರ್ಧ ತೆಲುಗು. "ಏಂ ಬಾವಾ, ನಾನು ಸತ್ತೋಗಿದೀನಾ? ಶಶಿ ನನ್ ಮನೇಲಿ ಹೆರ್ಲಿ. ತಂಗಿ ಹುಟ್ಟಿದ ಮನೇಲಿ ತಂಗಿ ಮಗಳು ಹೆತ್ರೆ ತಪ್ಪೇನೈತೆ? ಮಗ್ಗದ ಸದ್ದಿಗೆ ಕೂಸು ಚಂದಾಗಿ ನಿದ್ದೆ ಮಾಡ್ತೈತೆ" ಎಂದ. ಆಗಲೇ ಒಳಕೋಣೆಗೆ ಸುಣ್ಣ ಹೊಡೆಸಿದ್ದಾನೆ. ಶ್ರಾವಣದಲ್ಲಿ ಸೀಮಂತದ ಕುಬಸವನ್ನೂ ಅಲ್ಲೇ ಮಾಡುತ್ತೇವೆ. ನಿಮ್ಮವ್ವ ನಿನ್ನ ಜೊತೆ ಅಲ್ಲೇ ಇರುತ್ತಾಳೆ. ನಾನು ಭಾನುವಾರ ಭಾನುವಾರ ಬರುತ್ತೇನೆ. ತೋಟಪ್ಪನ ಹಿತ್ತಿಲಲ್ಲಿ ಸ್ನಾನ ಮಾಡಿ, ಅಲ್ಲೇ ಇಟ್ಟ ಬಟ್ಟೆ ಉಟ್ಟುಕೊಂಡೇ ಒಳಗೆ ಬರುವುದು. ನಿನ್ನನ್ನು ದೂರ ಇಡುವುದಕ್ಕಲ್ಲ ತಾಯಿ, ಹತ್ತಿರ ಬಂದು ಕೂಸನ್ನು ಎತ್ತಿಕೊಳ್ಳುವುದಕ್ಕೆ. ಇಷ್ಟನ್ನು ಅವತ್ತು ಫೋನಿನಲ್ಲಿ ಹೇಳಲು ನನ್ನಿಂದ ಆಗಲಿಲ್ಲ.

ಗಾದ್ರಪ್ಪನ ಬಂದೂಕು ಏನಾಯಿತು ಎಂದು ನೀನು ಕೇಳದೆ ಬಿಡುವುದಿಲ್ಲ. ನಾನು ಮುಟ್ಟುವ ಹಾಗಿಲ್ಲ, ಹಂದಿಗಳು ಕಾಯುವುದಿಲ್ಲ. ಹಿತ್ತಿಲ ಬೇವಿನ ಮರದ ಕೆಳಗೆ ಅವನ ಕೈಯಲ್ಲೇ ಮಾಡಿಸಿದೆ. ಡಾಕ್ಟರಮ್ಮ ಹೇಳಿದ ಹಾಗೆ ಕೈಗೆ ರಬ್ಬರಿನ ಗವಸು, ಮೂಗಿಗೆ ಮಾಸ್ಕು. ಮೊದಲು ಗುಂಡಿಲ್ಲವೆಂದು ಇಬ್ಬರೂ ನೋಡಿಕೊಂಡೆವು. ನಳಿಗೆಗೆ ಎಣ್ಣೆ ಬಿಟ್ಟು ನೆನೆಯಲು ಇಟ್ಟು, ಬ್ರಷ್ಷಿಗೆ ತಾಮ್ರದ ಜಾಲರಿ ಸುತ್ತಿ, ಒದ್ದೆಯಲ್ಲೇ ಉಜ್ಜಿಸಿದೆ. ಊದುವ ಮಾತೇ ಇಲ್ಲ. ಸೀಸ ಪುಡಿಯಾಗಿ ಹಾರದೆ ಬೆಳ್ಳಿಯ ಹೊಟ್ಟಿನ ಹಾಗೆ ಎಣ್ಣೆಬಟ್ಟೆಗೆ ಅಂಟಿಕೊಂಡು ಬಂತು. ಆ ಬಟ್ಟೆಗಳನ್ನು ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿಸಿದೆವು. "ಲೇ, ಸೊಂಟ ಮುರೀತಲೇ. ಇದ್ನ ದಿನಾ ಮಾಡ್ತಿದ್ಯಾ ನೀನು?" ಎಂದು ಗಾದ್ರಪ್ಪ ಬೆವರು ಒರೆಸಿಕೊಳ್ಳಲು ಕೈ ಎತ್ತಿದ, ಗವಸಿನ ಕೈ ಮುಖಕ್ಕೆ ತಾಗಿಸಬೇಡ ಎಂದು ನಿಮ್ಮವ್ವ ಕಟ್ಟೆಯ ಮೇಲಿಂದ ಗದರಿದಳು. ಕೊನೆಗೆ ಬೆಳಕಿಗೆ ಹಿಡಿದು ಇಣುಕಿ, ಹೊಸ ಹೆಂಡತಿಯ ಮುಖ ನೋಡಿದವನ ಹಾಗೆ ಹಿಗ್ಗಿದ. ಮುಂದೆ ನಾನು ಕೆಲಸ ಮಾಡಿದರೂ ಹೀಗೆಯೇ, ಮನೆಯಿಂದ ಹೊರಗೆಯೇ.

ಕೈಗೆ ಈಗ ಪಟ್ಟಿ ಕಟ್ಟಿದ್ದಾರೆ, ಬೆರಳು ಚೆನ್ನಾಗಿಯೇ ಆಡುತ್ತವೆ. ಹೊಟ್ಟೆನೋವು ಕಡಿಮೆಯಾಗಿದೆ. ಸಿಟ್ಟು ಇಳಿದಿದ್ದರೆ ಅವ್ವನಿಗೆ ಒಂದು ಫೋನು ಮಾಡು. ನನ್ನ ಮೇಲೆ ಇನ್ನೂ ಇದ್ದರೆ ಇರಲಿ, ಬಂದು ಎದುರಿಗೇ ಬಯ್ಯುವೆಯಂತೆ. ಅಳಿಯಂದಿರಿಗೆ ನನ್ನ ನಮಸ್ಕಾರ ತಿಳಿಸು, ಹೆದರಿಸಬೇಡ. ಜಟಿಂಗ ರಾಮೇಶ್ವರ ನಿಮ್ಮ ಮೂವರನ್ನೂ ತಣ್ಣಗೆ ಇಟ್ಟಿರಲಿ.

ನಿನ್ನನ್ನು ಕಾಯುತ್ತಿರುವ
ಅಪ್ಪ, ಅಂಜಿನೇಯ

ಮರೆತ ಮಾತು: ಮರೆತದ್ದಲ್ಲ ಶಶಿ. ಇಲ್ಲಿಯವರೆಗೆ ಓದಿಸಿಕೊಂಡು ನಿಮ್ಮವ್ವ ಈಗ ನಲ್ಲಿ ನೀರು ಬಂತೆಂದು ಹೋದಳು, ಅವಳು ಬರುವುದರೊಳಗೆ ಬರೆಯುತ್ತಿದ್ದೇನೆ. ಡಾಕ್ಟರಮ್ಮ ನನ್ನೊಬ್ಬನನ್ನೇ ಕರೆದು ಇನ್ನೊಂದು ಮಾತು ಹೇಳಿದರು. ಈ ಮನೆಯಲ್ಲೇ ಹುಟ್ಟಿ ಬೆಳೆದವಳಾದ್ದರಿಂದ ನಿನ್ನ ಮೂಳೆಯಲ್ಲೂ ಸೀಸ ಕೂತಿರಬಹುದಂತೆ, ಬಸುರಿನಲ್ಲಿ ಅದು ರಕ್ತಕ್ಕೆ ಇಳಿಯುತ್ತದಂತೆ. ಇಲ್ಲದಿರಲೂಬಹುದು. ಇದ್ದರೂ ಈಗಲೇ ಗೊತ್ತಾದರೆ ದಾರಿಯಿದೆ ಎಂದು ಎರಡೆರಡು ಸಲ ಹೇಳಿದ್ದಾರೆ. ಒಂದು ರಕ್ತಪರೀಕ್ಷೆ, ಅಷ್ಟೇ. ನಿಮ್ಮವ್ವನಿಗೆ ಫಲಿತಾಂಶ ಬಂದ ಮೇಲೆ ಹೇಳೋಣ. ಗುರುವಾರ ಬೆಳಗಿನ ಬಸ್ಸಿಗೆ ನಾನು ಬಳ್ಳಾರಿಗೆ ನಿಮ್ಮ ಮನೆಗೆ ಬರುತ್ತಿದ್ದೇನೆ. ಅಲ್ಲಿಯತನಕ ಪರೀಕ್ಷೆಗೆ ಒಬ್ಬಳೇ ಹೋಗಬೇಡ, ಸೂಜಿ ಕಂಡರೆ ನಿನಗೆ ಆಗುವುದಿಲ್ಲ. ನಾನು ಪಕ್ಕದಲ್ಲೇ ಕೂತಿರುತ್ತೇನೆ, ನೀನು ನನ್ನ ಕಡೆ ನೋಡುತ್ತಿರು.