ಬೀಗ ಕಂಡರೆ ಹಿಂತಿರುಗುವ ಮುದುಕರ ಬಗ್ಗೆ

ನಗರದ ಉದ್ಯಾನಗಳ ಗೇಟು ಎಷ್ಟು ಹೊತ್ತಿಗೆ ತೆರೆಯಬೇಕೆಂದು ನಿರ್ಧರಿಸುವ ಅಧಿಕಾರಿಗಳಿಗೆ,

ಮಾನ್ಯರೇ,

ಇವತ್ತು ಬೆಳಗಿನ ಜಾವ ನಾಲ್ಕು ಐವತ್ತಕ್ಕೆ ನನಗೆ ಎಚ್ಚರವಾಯಿತು. ಮಗು ಅತ್ತಿದ್ದಲ್ಲ. ಮಗು ಏಳಬಾರದೆಂದು ನನ್ನ ಮಾವ ಮುರುಗೇಶಪ್ಪನವರು ಟವೆಲು ಸುತ್ತಿ ಗೇಟಿನ ಚಿಲಕ ಸರಿಸಿದ ಸದ್ದು. ಮಗು ಏಳಲಿಲ್ಲ. ನಾನು ಎದ್ದೆ. ಅವರು ಹಿಂತಿರುಗುವ ತನಕ ಕಿಟಕಿಯ ಹತ್ತಿರ ಕೂತೆ. ಎಪ್ಪತ್ತೊಂದು ವರ್ಷದ ಮನುಷ್ಯ ಕತ್ತಲಲ್ಲಿ ಬೈಪಾಸ್ ರಸ್ತೆಯ ಅಂಚಿನಲ್ಲಿ ಟಿಪ್ಪರ್ ಲಾರಿಗಳ ಪಕ್ಕ ನಡೆಯುತ್ತಿದ್ದಾರೆ. ಏಕೆಂದರೆ ಗೋಪಾಳದ ನಮ್ಮ ಮನೆಯಿಂದ ನೂರಿಪ್ಪತ್ತು ಹೆಜ್ಜೆ ದೂರದ ಉದ್ಯಾನಕ್ಕೆ ನೀವು ಬೆಳಗ್ಗೆ ಏಳರವರೆಗೆ ಬೀಗ ಹಾಕಿಸಿದ್ದೀರಿ. ಹೋದ ತಿಂಗಳವರೆಗೆ ಐದಕ್ಕೆ ತೆರೆಯುತ್ತಿತ್ತು. ಈಗ "ಹಿರಿಯ ನಾಗರಿಕರ ಸುರಕ್ಷತೆಯ ದೃಷ್ಟಿಯಿಂದ" ಎಂದು ಗೇಟಿಗೆ ಹಾಳೆ ಅಂಟಿಸಿದ್ದೀರಿ. ಹಿರಿಯರನ್ನು ಹುಲ್ಲಿನಿಂದ ಕಾಪಾಡಿ ಲಾರಿಗೆ ಒಪ್ಪಿಸುವ ಈ ಸುರಕ್ಷತೆಯನ್ನು ಯಾವ ತರಬೇತಿಯಲ್ಲಿ ಕಲಿಸುತ್ತಾರೆ ಸ್ವಾಮಿ?

ನನ್ನ ಮಾವ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಮೂವತ್ತಾರು ವರ್ಷ ದುಡಿದವರು. ನಿವೃತ್ತಿಯಾದ ಮೇಲೂ ಚೆನ್ನಾಗಿಯೇ ಇದ್ದರು. ನಮ್ಮ ಅತ್ತೆ ತೀರಿಕೊಂಡ ಮೇಲೆ ಕುರ್ಚಿ ಹಿಡಿದರು. ಎರಡು ವರ್ಷ ಎದ್ದಿದ್ದು ಊಟಕ್ಕೆ, ಬಚ್ಚಲಿಗೆ, ಪೂಜೆಗೆ ಅಷ್ಟೇ. ಶಿವಮೊಗ್ಗಕ್ಕೆ ಕರೆದುಕೊಂಡು ಬಂದಾಗ ಸೋಫಾದಿಂದ ಏಳಲು ಎರಡೂ ಕೈ ಊರಿ, ಮೂರು ಸಲ ತೂಗಿ, ಕೊನೆಗೆ ನನ್ನ ಗಂಡನ ಹೆಗಲು ಹಿಡಿಯಬೇಕಿತ್ತು. ಕಾಯಿಲೆ ಏನೆಂದು ಕೇಳಿದರೆ ಫಿಸಿಯೋಥೆರಪಿಯ ಹುಡುಗಿ ನಕ್ಕಳು. "ಕಾಯಿಲೆ ಏನಿಲ್ಲ ಅಜ್ಜ, ಕೂತಿದ್ದೇ ಕಾಯಿಲೆ. ಕೈ ಊರದೆ ಕುರ್ಚಿಯಿಂದ ಏಳ್ಬೇಕು, ದಿನಾ ನಡೀಬೇಕು. ಇದ್ಕೆ ಬೇರೆ ಮಾತ್ರೆ ಇಲ್ಲ."

ಅವರು ಅದನ್ನು ಮೇಸ್ತ್ರಿಯ ಆದೇಶ ಎಂದೇ ತಿಳಿದರು. ಮೊದಲ ವಾರ ಉದ್ಯಾನದ ಅರ್ಧ ಸುತ್ತು. ಈ ಉಗಾದಿಯ ಹೊತ್ತಿಗೆ ಎಂಟು ಸುತ್ತು. ಹೋದ ತಿಂಗಳು ನೆಲದ ಮೇಲೆ ತೆವಳುತ್ತಿದ್ದ ನನ್ನ ಎಂಟು ತಿಂಗಳ ಮಗಳನ್ನು ಬಗ್ಗಿ, ಎತ್ತಿ, ಎದೆಗೆ ಹಾಕಿಕೊಂಡರು. ಯಾರ ಸಹಾಯವೂ ಇಲ್ಲದೆ. ನಾನು ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ನನ್ನ ಗಂಡ ಪ್ರಸನ್ನಕುಮಾರ್ ವಾರವೆಲ್ಲಾ ಹಾವೇರಿಯಲ್ಲಿ, ಶನಿವಾರ ಬರುತ್ತಾರೆ. ಆರೂವರೆಗೆ ಮಾವ ಮಗುವನ್ನು ಸ್ವಲ್ಪ ಹೊತ್ತು ಎತ್ತಿಕೊಂಡರೆ ಆಗ ನನಗೊಂದು ನಿದ್ದೆ. ಅವರ ಮೊಣಕಾಲು ಕೈಕೊಟ್ಟರೆ ನಾವು ಮೂವರೂ ಕೂತಂತೆ.

ಏಳು ಗಂಟೆಗೆ ಹೋಗಬಾರದೇ ಎಂದು ನೀವು ಕೇಳುತ್ತೀರಿ. ನಡೆದು ಬಂದು, ಸ್ನಾನ ಮಾಡಿ, ಇಷ್ಟಲಿಂಗ ಪೂಜೆ ಮುಗಿಸುವವರೆಗೆ ನಮ್ಮ ಮಾವ ಬಾಯಿಗೆ ನೀರು ಹಾಕುವವರಲ್ಲ. ಏಳಕ್ಕೆ ಹೊರಟರೆ ತಿಂಡಿ ಒಂಬತ್ತೂವರೆಗೆ. ಸಕ್ಕರೆ ಕಾಯಿಲೆಯ ಮಾತ್ರೆ ತಿಂಡಿಯ ಜೊತೆಗೆ. ಆ ಹೊತ್ತಿಗೆ ಕೈ ನಡುಗಲು ಶುರುವಾಗಿರುತ್ತದೆ. ಎರಡು ದಿನ ಹಾಗೆ ಮಾಡಿ ನೋಡಿದೆವು, ಎರಡನೆಯ ದಿನ ಬಚ್ಚಲ ಗೋಡೆ ಹಿಡಿದು ನಿಂತುಬಿಟ್ಟಿದ್ದರು. ಟೆರೇಸಿನ ಮೇಲೆ ನಡೆಯಿರಿ ಎಂದೆ. "ನಾನೇನು ಗಾಣದ ಎತ್ತಾ ಮಾರಾಯ್ತಿ? ಎಂಟು ಹೆಜ್ಜೆಗೊಂದ್ಸಲ ತಿರುಗಿ ತಿರುಗಿ ತಲೆ ಸುತ್ತುತ್ತೆ" ಎಂದರು.

ಇನ್ನು ನಿಮ್ಮ ಬೀಗದ ವಿಷಯ. ಉದ್ಯಾನದ ಹಿಂದಿನ ಗೋಡೆ ಎರಡು ವರ್ಷದಿಂದ ಬಿದ್ದಿದೆ, ಎಮ್ಮೆ ಹೋಗುವಷ್ಟು ಜಾಗವಿದೆ. ಬೆಳಗಿನ ಜಾವ ಹುಡುಗರು ಅಲ್ಲಿಂದಲೇ ನುಗ್ಗಿ ನಿಮ್ಮ ಹೊಸ ವ್ಯಾಯಾಮದ ಯಂತ್ರಗಳ ಮೇಲೆ ಕೂತು ರೀಲ್ಸ್ ಮಾಡುತ್ತಾರೆ. ಬನ್ನಿ ಅಜ್ಜ ಎಂದು ಕರೆದೂ ಇದ್ದಾರಂತೆ. ಮಾವ ಹೋಗುವುದಿಲ್ಲ. "ಗೇಟು ಬಿಟ್ಟು ಗೋಡೆ ಹಾರಿ ಒಳಗೆ ಹೋದೋನು ಕಳ್ಳ. ನಾನು ಮೂವತ್ತಾರು ವರ್ಷ ಗೇಟಲ್ಲಿ ಟೋಕನ್ ತಗೊಂಡೇ ಒಳಗೆ ಹೋದೋನು." ಈ ನಗರದಲ್ಲಿ ನಿಮ್ಮ ಬೀಗಕ್ಕೆ ಮರ್ಯಾದೆ ಕೊಡುವವರು ಬಹುಶಃ ಇಬ್ಬರೇ ಇದ್ದರು ಮಾನ್ಯರೇ, ನಮ್ಮ ಮಾವ ಮತ್ತು ಅವರ ಜೊತೆ ನಡೆಯುವ ಹಿಂದಿನ ಬೀದಿಯ ಭೈರಪ್ಪನವರು. ಆ ಇಬ್ಬರನ್ನೇ ಹುಡುಕಿ ರಸ್ತೆಗೆ ಕಳಿಸಿದ್ದೀರಿ.

ಗುರುವಾರ ಹಾಲಿನ ವ್ಯಾನೊಂದರ ಕನ್ನಡಿ ಭೈರಪ್ಪನವರ ಭುಜಕ್ಕೆ ತಗುಲಿತು. ಬಿದ್ದರು, ಸೊಂಟದ ಮೂಳೆ ಮುರಿಯಿತು. ವ್ಯಾನು ನಿಲ್ಲಲಿಲ್ಲ. ಮಾವ ಅವರನ್ನು ಆಟೋದಲ್ಲಿ ಆಸ್ಪತ್ರೆಗೆ ಸೇರಿಸಿ, ಅವರ ಒಂದು ಚಪ್ಪಲಿ ಹಿಡಿದುಕೊಂಡು ಮನೆಗೆ ಬಂದರು. ಇನ್ನಾದರೂ ನಿಲ್ಲಿಸುತ್ತಾರೆ ಎಂದುಕೊಂಡೆ. ಶುಕ್ರವಾರ ಅರ್ಧ ಗಂಟೆ ತಡವಾಗಿ ಬಂದರು. ಶನಿವಾರವೂ ತಡ. ಕೇಳಿದೆ.

"ಭೈರಪ್ಪಂದೂ ನಾನೇ ಮಾಡ್ತಿದೀನಮ್ಮ."

"ಏನು ಮಾಡ್ತಿದೀರಿ ಮಾವ?"

"ಅವನ ನಡಿಗೆ. ಜೊತೆಯವನು ರಜಾ ಹಾಕಿದ್ರೆ ಅವನ ಕೆಲಸ ಪಕ್ಕದವನು ನೋಡ್ಕೋಬೇಕು. ಅವನು ಎದ್ದು ಬರೋವರೆಗೆ ನಂದು ಡಬಲ್ ಡ್ಯೂಟಿ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಬ್ಬರ ನಡಿಗೆಯನ್ನು ಇನ್ನೊಬ್ಬರು ನಡೆದರೆ ಮೂಳೆ ಕೂಡುವುದಿಲ್ಲ ಎಂದು ನಾನು, ಎಂ.ಎಸ್ಸಿ. ಓದಿದವಳು, ಹೇಳಬಹುದಿತ್ತು. ಶನಿವಾರ ಬಂದ ನನ್ನ ಗಂಡ ಬುದ್ಧಿ ಹೇಳಿ ಸೋತರು. ಇಷ್ಟರಿಂದ ಆದದ್ದು ಒಂದೇ: ಆ ರಸ್ತೆಯ ಮೇಲೆ ಅವರು ಮೊದಲು ಮುಕ್ಕಾಲು ಗಂಟೆ ಇರುತ್ತಿದ್ದರು, ಈಗ ಒಂದೂಕಾಲು ಗಂಟೆ.

ಸೋಮವಾರ ಮಗುವನ್ನು ಎತ್ತಿಕೊಂಡು ನಿಮ್ಮ ಕಚೇರಿಗೆ ಬಂದಿದ್ದೆ. "ಸಾಹೇಬ್ರು ಮೀಟಿಂಗಲ್ಲಿದಾರೆ" ಎಂದರು ಗುಮಾಸ್ತರು. ಯಾವ ಮೀಟಿಂಗು ಎಂದರೆ, "ಹಿರಿಯ ನಾಗರಿಕರ ದಿನಾಚರಣೆದು ಕಣಮ್ಮ, ಪೆಂಡಾಲು, ಹಾರ, ಎಲ್ಲಾ ನೋಡ್ಬೇಕಲ್ಲ." ಅರ್ಜಿ ಕೊಟ್ಟೆ. ಹದಿನೈದು ದಿನ ಬಿಟ್ಟು ಬನ್ನಿ ಎಂದರು. ಹದಿನೈದು ದಿನ ಎಂದರೆ ಹದಿನೈದು ಬೆಳಗಿನ ಜಾವ. ಕಚೇರಿಯಲ್ಲಿ ಅದನ್ನು ಹಾಗೆ ಎಣಿಸುವುದಿಲ್ಲವೇನೋ.

ಹೊಸ ಆದೇಶ, ಸಭೆ, ಠರಾವು ಯಾವುದೂ ಬೇಡ. ಉದ್ಯಾನದ ಕಾವಲುಗಾರ ಯೋಗರಾಜ್ ಅಲ್ಲಿಯ ಶೆಡ್ಡಿನಲ್ಲೇ ಮಲಗುತ್ತಾರೆ. ಇವತ್ತು ಸಂಜೆ ಕೇಳಿದೆ. "ಅಕ್ಕ, ಬೀಗದ ಕೈ ನನ್ ದಿಂಬಿನ ಕೆಳಗೇ ಇದೆ. ಐದಕ್ಕೇ ತೆಗೀತೀನಿ, ನಂಗೇನ್ ಕಷ್ಟ? ಆದ್ರೆ ಸಾಹೇಬ್ರು ಬಾಯ್ಬಿಟ್ಟು ಒಂದ್ ಮಾತು ಹೇಳ್ಬೇಕು. ನನ್ನ ಕೆಲಸ ಹೋಗುತ್ತೆ" ಎಂದರು. ಅವರದೂ ತಪ್ಪಲ್ಲ.

ಈಗ ರಾತ್ರಿ ಹನ್ನೊಂದೂವರೆ. ಇದನ್ನು ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದೇನೆ. ನೀವೂ ಅದರಲ್ಲಿದ್ದೀರಿ, ಹಬ್ಬಕ್ಕೆ ತಪ್ಪದೆ ಹೂವಿನ ಚಿತ್ರ ಕಳಿಸುತ್ತೀರಿ. ಮಾವ ಬೂಟು ಒರೆಸಿಟ್ಟು ಮಲಗಿದ್ದಾರೆ. ಬಾಗಿಲಿಗೆ ಅಡ್ಡ ಮಲಗೋಣವೆನ್ನಿಸುತ್ತದೆ, ಆದರೆ ತಡೆದು ಮತ್ತೆ ಆ ಕುರ್ಚಿಗೆ ಕೂರಿಸಲು ನನಗೆ ಮನಸ್ಸಿಲ್ಲ. ಅವರು ನಡೆಯಲಿ, ಆದರೆ ಹುಲ್ಲಿನ ಪಕ್ಕ ನಡೆಯಲಿ. ಯೋಗರಾಜ್ ಅವರ ನಂಬರು ನಿಮ್ಮಲ್ಲಿರುತ್ತದೆ, ಇಲ್ಲವಾದರೆ ನನ್ನನ್ನು ಕೇಳಿ, ಎಷ್ಟು ಹೊತ್ತಿಗಾದರೂ ಎದ್ದೇ ಇರುತ್ತೇನೆ. ಒಂದೇ ಒಂದು ಫೋನು, ಸ್ವಾಮಿ. ಐದು ಗಂಟೆಯೊಳಗೆ ಮಾಡಿ.

ಇಂತಿ,
ಅರ್ಜಿಯ ಸ್ವೀಕೃತಿ ಚೀಟಿಯನ್ನು ಮಗು ಹರಿದುಹಾಕಿದ್ದರಿಂದ ಕ್ರಮಸಂಖ್ಯೆ ಬರೆಯಲಾಗದ,
ಸುಮನಾ
ಗೋಪಾಳ, ಶಿವಮೊಗ್ಗ