ಹೆದೆಗೆ ಇನ್ನೆರಡು ಸುತ್ತು

೮ ಫೆಬ್ರವರಿ, ಭಾನುವಾರ. ಮುಂಡಗೋಡ

ಇವತ್ತಿನ ಬಿಲ್ಲಿನ ಪಂದ್ಯದಲ್ಲೂ ತುಳಜಾಳೇ ಗೆದ್ದಳು. ಇಬ್ಬರದೂ ಒಂದೇ ಅಳತೆಯ ಬಿದಿರಿನ ಬಿಲ್ಲು. ನಾನು ಮೂರು ವಾರ ಬಾಣಗಳನ್ನು ತೂಗಿ, ಬಿಲ್ಲಿನ ಹಿಡಿಯಿಂದ ಹೆದೆಗೆ ಎಷ್ಟು ಅಂತರವಿರಬೇಕೆಂದು ಲೆಕ್ಕ ಹಾಕಿದೆ. ಹುರಿ ಹಾಕಿದಷ್ಟೂ ಹೆದೆ ಗಿಡ್ಡವಾಗಿ ಆ ಅಂತರ ಹೆಚ್ಚುತ್ತದೆ. ಅವಳು ಹೆದೆಗೆ ಒಂದು ಸುತ್ತು ಹುರಿ ಹಾಕಿ ಬಾಣ ಬಿಡುತ್ತಾಳೆ, ತಪ್ಪಿದರೆ ಇನ್ನೊಂದು ಸುತ್ತು. ಅಷ್ಟೇ.

ಚಹಾ ಕುಡಿಯುವಾಗ ತನ್ನ ಬಿಲ್ಲನ್ನು ನನ್ನ ಕೈಗಿತ್ತಳು. "ಸುಭಾಷಣ್ಣ, ನಿನ್ನ ಅಳತಿ ಪಟ್ಟಿ ಹಚ್ಚಿ ನೋಡು. ಬರೋಬ್ಬರಿ ಐತೇನು?"

ಏಳೂವರೆ ಇಂಚು. ಮೂರು ವಾರಕ್ಕೆ ನಾನು ಮುಟ್ಟಿದ ಅಂಕಿಯೇ. ಹೊಟ್ಟೆ ಉರಿಯಿತು.

"ಸಡ್ಲ ಐತಿ. ಇನ್ನ ಎರಡು ಸುತ್ತು ಹಾಕು," ಎಂದೆ.

ನಂಬಿ ಹೋದಳು. ನಾಳೆ ಹಾಕುತ್ತಾಳೆ, ಬಾಣ ಬಿಡುತ್ತಾಳೆ, ತಪ್ಪುತ್ತದೆ, ಸುತ್ತು ಬಿಚ್ಚುತ್ತಾಳೆ. ನನ್ನ ಸುಳ್ಳು ಅವಳ ಕೈಯಲ್ಲಿ ಐದು ಬಾಣವೂ ಬಾಳುವುದಿಲ್ಲ.