ಕಾಲುವೆ ಊರಿನ ಗುದ್ದಲಿ, ಅವ್ವನ ಕೊಡತಿ

ಪಾಪೆನ್‌ಬುರ್ಗ್, ಜರ್ಮನಿ
೧೪ ಜೂನ್ ೨೦೦೩

ಅವ್ವಾ, ನಿನ್ನ ಪಾದ ಮುಟ್ಟಿ ನಮಸ್ಕಾರ.

ಈ ಕಾಗದವನ್ನು ನಿನ್ನ ಅಳಿಯನ ಕೈಲೇ ಓದಿಸು. ಹೊನ್ನವಳ್ಳಿಗೆ ಬಂದು ಓದಲು ಅವರಿಗೆ ಹೇಳಿದ್ದೇನೆ. ಯಾಕೆಂದು ಆಮೇಲೆ ತಿಳಿಯುತ್ತದೆ.

ತೆಂಗಿನ ನಾರಿನ ಸೊಸೈಟಿಯವರು ನನ್ನನ್ನು ತರಬೇತಿಗೆ ಕಳಿಸಿದ ಈ ಊರಿನ ನಡುಮಧ್ಯೆ ಕಾಲುವೆ ಇದೆ. ಮೇಲಕ್ಕೆತ್ತುವಂಥ ಸೇತುವೆಗಳಿವೆ, ಗಾಳಿಗೆ ತಿರುಗುವ ಗಿರಣಿ ಇದೆ. ಪುರಸಭೆಯ ಎದುರಿಗೆ ಹಾಯಿ ಹಡಗೊಂದು ನಿಂತಿದೆ, ನಮ್ಮ ಗುಡಿ ಮುಂದೆ ಗರುಡಗಂಬ ನಿಂತ ಹಾಗೆ. ಯಾವುದೋ ರಾಜ ಶೋಕಿಗೆ ತೋಡಿಸಿದ ಕಾಲುವೆ ಅಂದುಕೊಂಡಿದ್ದೆ. ಅಲ್ಲ ಕಣವ್ವ. ಇದು ಜೌಗು ನೆಲ. ಬಡವರು ಬಂದು ಗುಡಿಸಲು ಹಾಕಿ, ಒಣಗಿದರೆ ಸೌದೆಯಂತೆ ಉರಿಯುವ ಕರಿ ಜೌಗುಮಣ್ಣು ಅಗೆದು, ಒಣಗಿಸಿ, ಒಲೆ ಉರಿಗೆಂದು ಮಾರಿದರು. ನೀರು ಬಸಿಯಲು, ಆ ಮಣ್ಣನ್ನು ದೋಣಿಯಲ್ಲಿ ಸಾಗಿಸಲು ತೋಡಿದ್ದೇ ಈ ಕಾಲುವೆ. ಮೊದಲು ಬಂದವನಿಗೆ ಸಾವು, ಎರಡನೆಯವನಿಗೆ ಬಡತನ, ಮೂರನೆಯವನಿಗೆ ರೊಟ್ಟಿ ಎಂದು ಇವರ ಗಾದೆ.

ಅಂಥ ಗುಡಿಸಲು, ಗುದ್ದಲಿಗಳನ್ನು ಇವರು ಒಡವೆಯಂತೆ ಜೋಪಾನ ಮಾಡಿಟ್ಟಿದ್ದಾರೆ. ಊರು ತೋರಿಸಿದ ಹಿರಿಯಾಕೆ ಒಂದು ಗುದ್ದಲಿ ಸವರಿ, ನಮ್ಮಜ್ಜಿಯ ಅಜ್ಜಿ ಅಗೆದದ್ದು ಇಂಥದ್ದರಲ್ಲೇ ಎಂದಳು. ಏನು ಜಂಬ ಅಂತೀಯ! ನನಗೆ ತಲೆ ಎತ್ತಲಾಗಲಿಲ್ಲ.

ಆಮೇಲೆ ನಿನ್ನ ತಾಯಿ ಏನು ಮಾಡುತ್ತಾಳೆ ಎಂದು ಕೇಳಿದಳು. ಮದುವೆ ಹೊತ್ತಿನಲ್ಲಿ ಕೆಂಕೆರೆಯ ಬೀಗರಿಗೆ ಹೇಳಿದಂತೆ, ಸ್ವಂತ ತೋಟ ನೋಡಿಕೊಳ್ಳುತ್ತಾಳೆ ಎನ್ನಲು ಬಾಯಿ ಬರಲಿಲ್ಲ. ನಮ್ಮವ್ವ ಮೂವತ್ತು ವರ್ಷ ಮಂದಿಯ ತೋಟದ ತೆಂಗಿನ ಮಟ್ಟೆ ನೆನೆಹಾಕಿ, ಮರದ ಕೊಡತಿಯಲ್ಲಿ ಬಡಿದು ನಾರು ತೆಗೆದವಳು, ಅದರಲ್ಲೇ ನನ್ನನ್ನು ಓದಿಸಿದವಳು ಅಂದೆ. ಅವಳ ಬೆರಳು ಸೊಟ್ಟಗಾದದ್ದು ನಾನು ಬೀಗರಿಗೆ ಹೇಳಿದಂತೆ ಬಾವಿ ಹಗ್ಗದಿಂದಲ್ಲ, ಕೊಡತಿ ಏಟಿನಿಂದ ಅಂತಲೂ ಅಂದೆ. ಆಕೆ ನನ್ನ ಕೈ ಹಿಡಿದುಕೊಂಡಳು.

ನಾವು ತಿಪ್ಪೆಗೆ ಸುರಿಯುತ್ತಿದ್ದ ನಾರಿನ ಪುಡಿಯಲ್ಲೇ ಆಕೆಯ ಮಗ ಗಾಜಿನ ಮನೆಯಲ್ಲಿ ಸಸಿ ಬೆಳೆಸುತ್ತಾನೆ. ನೋಡಿ ಹೊಟ್ಟೆ ತುಂಬಿತು. ಇಷ್ಟು ವರ್ಷ ನಿನ್ನ ಕಸುಬಿಗೆ ನಾಚಿಕೊಂಡೆನಲ್ಲ, ತಪ್ಪಾಯಿತವ್ವ.

ಇಂತಿ,
ಮಟ್ಟೆ ಬಡಿಯುವ ಪುಟ್ಟಗಂಗಮ್ಮನ ಮಗಳು
ಗಂಗಲಕ್ಷ್ಮಿ

ಇನ್ನೊಂದು ಮಾತು: ಇದು ಓದುತ್ತಿರುವ ನಿಮಗೆ ಕಣ್ರೀ. ಸುಳ್ಳು ನನ್ನದು, ಅವ್ವನದಲ್ಲ. ಸಿಟ್ಟಿದ್ದರೆ ನಾನು ಬಂದ ಮೇಲೆ ತೀರಿಸಿಕೊಳ್ಳಿ. ನೀವು ಹೆಣ್ಣು ನೋಡಲು ಬರುವ ಹಿಂದಿನ ದಿನ ಅವಳ ಕೊಡತಿಯನ್ನು ಹಳೇ ಕಂಬಳಿಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟೆ. ಆರು ವರ್ಷದಿಂದ ಹುಡುಕುತ್ತಿದ್ದಾಳೆ. ಕೇಳಿದಾಗಲೆಲ್ಲ, ಬುಡವ್ವ, ಯಾರೋ ಒಯ್ದಿರ್ತಾರೆ ಅನ್ನುತ್ತಿದ್ದೆ. ಏಣಿ ಹಾಕಿ ಇಳಿಸಿ, ನೀವೇ ಅವಳ ಕೈಗೆ ಕೊಡಿ.